ಸೇಲಂನ ಹಳೇ ಮನೆ ಮತ್ತು ನಾಲ್ಕು ಇಸವಿಗಳು

ಓದುಗರೊಬ್ಬರ ಪ್ರಶ್ನೆ: ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂನಲ್ಲಿ. ಮೂರು ಮನೆಗಳಾಗಿ ಭಾಗವಾಗಿರುವ ಹಳೇ ಮರದ ಕಟ್ಟಡದಲ್ಲಿ ಕೆಳಗಿನ ಮನೆಯನ್ನು ಎರಡು ವರ್ಷದ ಹಿಂದೆ ಕೊಂಡೆವು. ಮಾರಿಸಿಕೊಟ್ಟ ಏಜೆಂಟ್ ‘1780ರ ಹಡಗಿನ ಕಪ್ತಾನನ ಮನೆ’ ಎಂದಿದ್ದರು. ನಗರದ ತೆರಿಗೆ ದಾಖಲೆಯಲ್ಲಿ 1850 ಎಂದಿದೆ. ರಾಜ್ಯದ ಪಾರಂಪರಿಕ ಕಟ್ಟಡಗಳ ಪಟ್ಟಿ ‘ಸುಮಾರು 1820’ ಅನ್ನುತ್ತದೆ. ಪಕ್ಕದ ಮನೆಯವರ ಪ್ರಕಾರ ನೆಲಮಾಳಿಗೆಯ ತೊಲೆಗಳು 1692ರ ಮಾಟಗಾತಿ ವಿಚಾರಣೆ ಕಾಲದವು. ನಮ್ಮ ಬೀದಿಯ ಎಷ್ಟೋ ಮನೆಗಳಿಗೆ ಮೊದಲ ಒಡೆಯನ ಹೆಸರು, ಕಸುಬು, ಇಸವಿ ಬರೆದ ಬಿಳೀ ಫಲಕಗಳಿವೆ. ನಮಗೂ ಒಂದು ಬೇಕೆಂಬ ಆಸೆ. ಆದರೆ ಫಲಕ ಬಂದರೆ ಕಿಟಕಿ ಬದಲಿಸಲು, ಬಣ್ಣ ಹೊಡೆಸಲು ಎಲ್ಲಕ್ಕೂ ಅನುಮತಿ ಕೇಳಬೇಕಾಗುತ್ತದೆ ಎಂದು ಮೇಲಿನ ಮನೆಯವರು ಹೆದರಿಸುತ್ತಿದ್ದಾರೆ. ಇದು ನಿಜವೇ? ಹುಡುಕಾಟ ನಾವೇ ಮಾಡಬಹುದೇ? ಕೊನೆಗೆ 1780 ಸುಳ್ಳೆಂದಾದರೆ?

ತಜ್ಞರ ಉತ್ತರ:

ಮೊದಲು ಅನುಮತಿಯ ಹೆದರಿಕೆ ನೋಡೋಣ, ಅದು ಬೇಗ ಮುಗಿಯುವ ವಿಷಯ. ನೀವು ನೋಡಿರುವ ಫಲಕಗಳನ್ನು ಕೊಡುವುದು ಹಿಸ್ಟಾರಿಕ್ ಸೇಲಂ ಎಂಬ ಖಾಸಗಿ ಸಂಸ್ಥೆ. ನಿಮ್ಮ ಕಿಟಕಿ, ಬಣ್ಣಗಳ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ. ಮೇಲಿನ ಮನೆಯವರು ಹೇಳುತ್ತಿರುವ ನಿಯಮ ಇರುವುದು ನಿಜ, ಆದರೆ ಅದು ಬೇರೆಯದು. ರಾಜ್ಯ ಕಾನೂನಿನ 40ಸಿ ಅಧ್ಯಾಯದ ಕೆಳಗೆ ಊರುಗಳು ಸ್ಥಳೀಯ ಪಾರಂಪರಿಕ ವಲಯಗಳನ್ನು ಗುರುತಿಸಬಹುದು. ಸೇಲಂನಲ್ಲಿ ಅಂಥವು ನಾಲ್ಕಿವೆ: ಮ್ಯಾಕಿಂಟೈರ್, ಡರ್ಬಿ ಸ್ಟ್ರೀಟ್, ಲಫಯೆಟ್ ಸ್ಟ್ರೀಟ್, ವಾಷಿಂಗ್ಟನ್ ಸ್ಕ್ವೇರ್. ನಿಮ್ಮ ಕಟ್ಟಡ ಇವುಗಳ ಗಡಿಯೊಳಗಿದ್ದರೆ ಬೀದಿಯಿಂದ ಕಾಣುವ ಹೊರಭಾಗದ ಬದಲಾವಣೆಗೆ ನಗರದ ಹಿಸ್ಟಾರಿಕಲ್ ಕಮಿಷನ್ನಿನ ಒಪ್ಪಿಗೆ ಬೇಕು, ಫಲಕ ಇರಲಿ ಬಿಡಲಿ. ಗಡಿಯ ಹೊರಗಿದ್ದರೆ ಫಲಕ ಹಾಕಿಸಿದ ಮಾತ್ರಕ್ಕೆ ಆ ನಿಯಮ ಬಂದು ಅಂಟಿಕೊಳ್ಳುವುದಿಲ್ಲ. ನಗರದ ವಲಯ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಕೇಂದ್ರ ಸರ್ಕಾರದ ನ್ಯಾಷನಲ್ ರಿಜಿಸ್ಟರ್ ಎಂಬ ಪಾರಂಪರಿಕ ತಾಣಗಳ ಪಟ್ಟಿ ಇನ್ನೂ ಬೇರೆ. ಅದರಲ್ಲಿ ಹೆಸರಿದ್ದರೂ ಮಾಲೀಕರು ಸ್ವಂತ ಹಣದಲ್ಲಿ ಮಾಡಿಸುವ ಕೆಲಸಕ್ಕೆ ತಡೆ ಇಲ್ಲ. ತೆರಿಗೆ ಉಳಿಯುತ್ತದೆ ಎಂದೂ ಕೆಲವರು ನಂಬಿದ್ದಾರೆ. ಕೇಂದ್ರದ 20 ಶೇಕಡಾ ರಿಯಾಯಿತಿ ಬಾಡಿಗೆಯಂಥ ಆದಾಯ ತರುವ, ಅಧಿಕೃತವಾಗಿ ಮಾನ್ಯವಾದ ಕಟ್ಟಡಗಳಿಗೆ ಮಾತ್ರ. ತಾವೇ ವಾಸಿಸುವ ಮನೆಗೆ ಅದು ಸಿಗದು, ಫಲಕಕ್ಕಂತೂ ಅದಕ್ಕೂ ಸಂಬಂಧವೇ ಇಲ್ಲ. ನಿಜವಾಗಿ ಕೈ ಕಟ್ಟಿಹಾಕಬಲ್ಲ ಕಾಗದ ಒಂದಿದೆ: ಹಿಂದಿನ ಮಾಲೀಕರು ಯಾರಾದರೂ ಬರೆದುಕೊಟ್ಟು ನೋಂದಾಯಿಸಿರುವ ಸಂರಕ್ಷಣಾ ನಿರ್ಬಂಧ ಪತ್ರ. ಅದು ಮನೆಯ ಜೊತೆಗೇ ಮುಂದಿನವರಿಗೆ ದಾಟುತ್ತದೆ. ಪತ್ರಗಳನ್ನು ಹುಡುಕುವಾಗ ಅದರ ಮೇಲೂ ಒಂದು ಕಣ್ಣಿರಲಿ.

ಇನ್ನು ನಿಮ್ಮ ನಾಲ್ಕು ಇಸವಿಗಳು. ಇವುಗಳಲ್ಲಿ ಒಂದಕ್ಕೂ ಪುರಾವೆಯ ತೂಕವಿಲ್ಲ ಎಂದರೆ ಬೇಸರ ಮಾಡಿಕೊಳ್ಳಬೇಡಿ, ಹಳೇ ಮನೆಗಳ ವಿಷಯದಲ್ಲಿ ಇದು ಮಾಮೂಲು. ತೆರಿಗೆ ದಾಖಲೆಯ ‘ಕಟ್ಟಿದ ವರ್ಷ’ ಬೆಲೆ ಕಟ್ಟುವುದಕ್ಕೆ ಹಾಕಿದ ಅಂದಾಜು. ಹಳೆಯದು ಎಂದು ಕಂಡದ್ದಕ್ಕೆಲ್ಲ 1850, 1900 ಎಂಬ ದುಂಡು ಅಂಕಿ ಬರೆದಿರುವುದು ಊರೂರಿಗೂ ಉಂಟು. ರಾಜ್ಯದ ಪಟ್ಟಿಯ ‘ಸುಮಾರು 1820’ ಬಹುಮಟ್ಟಿಗೆ ಸಮೀಕ್ಷೆಗೆ ಬಂದವರು ಬೀದಿಯಲ್ಲಿ ನಿಂತು ಬಾಗಿಲು, ಕಿಟಕಿ, ಚಾವಣಿಯ ಶೈಲಿ ನೋಡಿ ಹೇಳಿದ್ದು. ಆದರೆ ಮುಂಬಾಗಿಲ ಚೌಕಟ್ಟು ಹಳೇ ಮನೆಗೆ ಹೊಸ ಅಂಗಿ ತೊಡಿಸಿದಂತೆ ಬದಲಾಗುತ್ತಲೇ ಇರುತ್ತದೆ. ಆ ಪಟ್ಟಿಯ ನಮೂನೆ ಮ್ಯಾಕ್ರಿಸ್ ಎಂಬ ರಾಜ್ಯದ ದತ್ತಾಂಶ ತಾಣದಲ್ಲಿ ಸಿಗುತ್ತದೆ. ಅದರಲ್ಲಿ ಇಸವಿಗೆ ಆಧಾರವಾಗಿ ಪತ್ರದ ಪುಸ್ತಕ, ಪುಟ ಕೊಟ್ಟಿದ್ದರೆ ನಂಬಬಹುದು. ಬರೀ ‘ಶೈಲಿ’ ಎಂದಿದ್ದರೆ ಅದೊಂದು ಸುಳಿವು, ಅಷ್ಟೆ.

1692ರ ಮಾತು ಸೇಲಂನಲ್ಲಿ ಎಲ್ಲ ಹಳೇ ಮನೆಗೂ ತಗಲಿಕೊಳ್ಳುತ್ತದೆ. ಆರೋಪಗಳು ಶುರುವಾದ ಸೇಲಂ ವಿಲೇಜ್ ಇಂದು ಡ್ಯಾನ್ವರ್ಸ್ ಎಂಬ ಬೇರೆ ಊರು. ಸೇಲಂ ನಗರದೊಳಗೆ ಆ ವಿಚಾರಣೆಯೊಂದಿಗೆ ನೇರ ನಂಟಿದ್ದು ಇನ್ನೂ ನಿಂತಿರುವುದು ನ್ಯಾಯಾಧೀಶ ಜೊನಾಥನ್ ಕಾರ್ವಿನ್ ಅವರ ಮನೆಯೊಂದೇ ಎಂದು ಹೇಳುತ್ತಾರೆ. ರಸ್ತೆ ಅಗಲಿಸುವವರಿಂದ ಆ ಮನೆಯನ್ನು ಉಳಿಸಲೆಂದೇ 1944ರಲ್ಲಿ ಹಿಸ್ಟಾರಿಕ್ ಸೇಲಂ ಹುಟ್ಟಿದ್ದು. ಮನೆಯನ್ನು ಇಡಿಯಾಗಿ ಸುಮಾರು 35 ಅಡಿ ಹಿಂದಕ್ಕೆ ಸರಿಸಿದರು. ಸರಿಸಿದರು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮನೆತನದ ಮಾತೂ ತಪ್ಪಬಹುದು. ಅದೇ ಊರಿನ ಪಿಕರಿಂಗ್ ಮನೆ ಹತ್ತು ತಲೆಮಾರು ಒಂದೇ ಕುಟುಂಬದ ಕೈಯಲ್ಲಿತ್ತು. ಅದು 1651ರದೆಂದು ಹೇಳಿಕೊಂಡು ಬಂದಿದ್ದರು. ತೊಲೆಗಳಲ್ಲಿ ಮರ ವರ್ಷವರ್ಷವೂ ಬೆಳೆದ ಉಂಗುರಗಳನ್ನು ಎಣಿಸಿದಾಗ ಅತಿ ಹಳೆಯ ಭಾಗ 1664ರ ಹೊತ್ತಿನದು ಎಂದಾಯಿತು. ಹಾಗಿರುವಾಗ ಏಜೆಂಟರ 1780ಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ನೀವೇ ಲೆಕ್ಕ ಹಾಕಿ.

ಹುಡುಕಾಟ ನೀವೇ ಮಾಡಬಹುದು. ಆದರೆ ಶುರುಮಾಡುವ ಮುನ್ನ ಎರಡು ಕೆಲಸ. ಒಂದು, ನಿಮ್ಮ ಕಟ್ಟಡದ ಇತಿಹಾಸವನ್ನು ಈ ಮೊದಲೇ ಯಾರಾದರೂ ಬರೆಸಿದ್ದಾರೆಯೇ ಎಂದು ಸಂಸ್ಥೆಯನ್ನು ಕೇಳಿ. ಜೊತೆಗೆ ಮಾಲೀಕರೇ ಮಾಡಿದ ಸಂಶೋಧನೆಯನ್ನು ಒಪ್ಪುತ್ತಾರೋ, ತಮ್ಮ ಸಂಶೋಧಕರೇ ಬರೆಯಬೇಕೋ ಎಂಬುದನ್ನೂ ತಿಳಿದುಕೊಳ್ಳಿ. ಎರಡು, 1914ರ ಜೂನ್ 25ರ ಮಹಾ ಬೆಂಕಿ ಎಲ್ಲೆಲ್ಲಿ ಸುಟ್ಟಿತೆಂಬ ನಕ್ಷೆ ನೋಡಿ. ಚರ್ಮದ ಕಾರ್ಖಾನೆಯೊಂದರಲ್ಲಿ ಹೊತ್ತಿಕೊಂಡ ಆ ಬೆಂಕಿ 1,300ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ನಿಮ್ಮ ಬೀದಿ ಅದರೊಳಗಿದ್ದರೆ ಹದಿನೆಂಟನೇ ಶತಮಾನದ ಮಾತು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಆಮೇಲೆ ಕ್ರಯಪತ್ರಗಳ ಸರಪಳಿ. ನಮ್ಮೂರಲ್ಲಿ ಸೈಟು ಕೊಳ್ಳುವವರು ಮೂಲಪತ್ರ, ಋಣಭಾರ ಪತ್ರ ನೋಡುವ ಕ್ರಮವೇ ಇಲ್ಲೂ. ವ್ಯತ್ಯಾಸವೇನೆಂದರೆ ನೀವು ಕೊಂಡಾಗ ವಕೀಲರು ಸಾಧಾರಣವಾಗಿ 50 ವರ್ಷ ಮಾತ್ರ ಹಿಂದೆ ಹೋಗಿರುತ್ತಾರೆ. ಉಳಿದ ನೂರೈವತ್ತು ಇನ್ನೂರು ವರ್ಷ ನಿಮ್ಮ ಪಾಲಿನದು. ಸೇಲಂ ಪತ್ರಗಳಿರುವುದು ಎಸೆಕ್ಸ್ ದಕ್ಷಿಣ ಜಿಲ್ಲೆಯ ನೋಂದಣಿ ಕಚೇರಿಯಲ್ಲಿ, 1640ರಿಂದ; ಚಿತ್ರಪ್ರತಿಗಳನ್ನು ಅಂತರ್ಜಾಲದಲ್ಲೇ ಓದಬಹುದು. ನಿಮ್ಮದು ಕಾಂಡೊ, ಅಂದರೆ ಒಂದೇ ಕಟ್ಟಡದೊಳಗೆ ಬೇರೆ ಬೇರೆ ಮಾಲೀಕರಿರುವ ಮನೆಗಳಲ್ಲಿ ಒಂದು ಆದ್ದರಿಂದ ನಿಮ್ಮ ಪತ್ರದ ಹಿಂದೆ ಹೋಗದೆ, ಕಟ್ಟಡವನ್ನು ಮೂರು ಭಾಗ ಮಾಡಿದಾಗ ನೋಂದಾಯಿಸಿದ ಮಾಸ್ಟರ್ ಡೀಡ್ ಹಿಡಿಯಿರಿ. ಅದರಲ್ಲಿ ಇಡೀ ಆಸ್ತಿ ಯಾವ ಪುಸ್ತಕದ ಯಾವ ಪುಟದ ಪತ್ರದಿಂದ ಬಂತು ಎಂದಿರುತ್ತದೆ. ಆ ಪತ್ರದಲ್ಲಿ ಅದರ ಹಿಂದಿನದು. ಹೀಗೇ ಇಳಿಯುತ್ತ ಹೋಗಬೇಕು.

ಹತ್ತೊಂಬತ್ತನೇ ಶತಮಾನಕ್ಕೆ ಹೋದಂತೆ ಈ ಉಲ್ಲೇಖಗಳು ಕೈಕೊಡುತ್ತವೆ. ಆಗ ಸೂಚಿಗಳ ಮೊರೆ. ಪ್ರತಿ ವ್ಯವಹಾರಕ್ಕೂ ಎರಡು ಸೂಚಿ ಇರುತ್ತದೆ, ಕೊಟ್ಟವರದು ಒಂದು, ಪಡೆದವರದು ಒಂದು. ನಿಮ್ಮ ಕೈಯಲ್ಲಿರುವ ಪತ್ರದಲ್ಲಿ ಮಾರಿದವನ ಹೆಸರನ್ನು ಪಡೆದವರ ಸೂಚಿಯಲ್ಲಿ ಅದಕ್ಕೂ ಹಿಂದಿನ ವರ್ಷಗಳಲ್ಲಿ ಹುಡುಕಿದರೆ ಅವನಿಗೆ ಯಾರಿಂದ ಬಂತು ಎಂದು ಸಿಗುತ್ತದೆ. ಸಿಗದಿದ್ದರೆ ಕಳೆದುಹೋಯಿತೆಂದಲ್ಲ, ಪಿತ್ರಾರ್ಜಿತವಾಗಿ ಬಂದಿರಬೇಕು. ಆಗ ಉಯಿಲು ಮತ್ತು ವಾರಸಿನ ನ್ಯಾಯಾಲಯದ ಕಡತಕ್ಕೆ ಹೋಗಬೇಕು. ಮಾರಿದವಳು ಹೆಣ್ಣಾದರೆ ಮದುವೆಯ ಹಿಂದಿನ ಹೆಸರಲ್ಲಿ ಹುಡುಕಿ.

ಹೊಸಬರು ಎಡವುವ ಜಾಗ ಒಂದಿದೆ. ಹಳೇ ಪುಸ್ತಕಗಳಲ್ಲಿ ಅಡಮಾನ ಪತ್ರಗಳನ್ನೂ ಕ್ರಯಪತ್ರಗಳ ಜೊತೆಗೇ, ಅದೇ ಒಕ್ಕಣೆಯಲ್ಲಿ ಬರೆದಿರುತ್ತಾರೆ. ನಮ್ಮ ಮುದ್ದತು ಕ್ರಯದ ಹಾಗೆ, ಮೊದಲ ಪುಟ ಓದಿದರೆ ಪೂರ್ತಿ ಮಾರಿದಂತೆಯೇ ಕಾಣುತ್ತದೆ. ‘ಆದಾಗ್ಯೂ ಇಂತಿಷ್ಟು ಹಣ ಇಂಥ ದಿನದೊಳಗೆ ತೀರಿಸಿದರೆ ಈ ಪತ್ರ ರದ್ದು’ ಎಂಬ ಷರತ್ತು ಕೊನೆಗೆಲ್ಲೋ ಇರುತ್ತದೆ. ಅದನ್ನು ಓದದೆ ಸಾಲ ಕೊಟ್ಟವನನ್ನು ಮಾಲೀಕನೆಂದುಕೊಂಡರೆ ಸರಪಳಿ ಬೇರೆಯವರ ಮನೆಗೆ ಹೋಗಿ ಸೇರುತ್ತದೆ. ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ. ಅಂಚಿನಲ್ಲಿ ‘ತೀರಿದೆ’ ಎಂಬ ಟಿಪ್ಪಣಿಯೂ ಇರಬಹುದು.

ಇನ್ನೊಂದು ಗೋಡೆ ಎದುರಾಗಬಹುದು, ನೋಂದಾಯಿತ ಭೂಮಿಯದು. ಮ್ಯಾಸಚೂಸೆಟ್ಸ್‌ನಲ್ಲಿ 1898ರಿಂದ ಲ್ಯಾಂಡ್ ಕೋರ್ಟ್ ಕೆಲವು ಆಸ್ತಿಗಳಿಗೆ ನೇರ ಪ್ರಮಾಣಪತ್ರ ಕೊಡುತ್ತದೆ. ನಿಮ್ಮದು ಅಂಥದಾದರೆ ಪುಸ್ತಕ, ಪುಟದ ಬದಲು ಪ್ರಮಾಣಪತ್ರದ ಸಂಖ್ಯೆ ಕಾಣಿಸುತ್ತದೆ, ಸರಪಳಿ ಅಲ್ಲಿಗೇ ನಿಂತಂತೆ ತೋರುತ್ತದೆ. ನಿಜಕ್ಕೂ ಅದು ಅದೃಷ್ಟ. ಆ ಪ್ರಕರಣದ ಕಡತದಲ್ಲಿ ಪರಿಶೀಲಕರು ಹಿಂದಿನ ಹಕ್ಕುಗಳನ್ನೆಲ್ಲ ಸಾರವಾಗಿ ಬರೆದಿಟ್ಟಿರುತ್ತಾರೆ. ನಿಮ್ಮ ಅರ್ಧ ಕೆಲಸ ಆಗಲೇ ಆಗಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಕೈಯಲ್ಲಿರುವುದು ನೆಲದ ಇತಿಹಾಸ. ಮನೆಯದಲ್ಲ. ಫಲಕದ ಮೇಲೆ ಬರುವ ತಪ್ಪುಗಳಲ್ಲಿ ದೊಡ್ಡದು ಇದೇ: 1780ರಲ್ಲಿ ಕಪ್ತಾನನೊಬ್ಬ ಆ ನಿವೇಶನ ಕೊಂಡ ಪತ್ರ ಸಿಗುತ್ತದೆ, ಅಲ್ಲಿಗೆ ಮನೆಯೂ 1780ರದು, ಕಪ್ತಾನನದು ಎಂದು ಬರೆಸಿಬಿಡುತ್ತಾರೆ. ಆ ಮನೆ ಸುಟ್ಟು, ಕೆಡವಿ, ನಲವತ್ತು ವರ್ಷದ ಮೇಲೆ ಬೇರೆಯವರು ಬೇರೆ ಕಟ್ಟಿರಬಹುದು.

ಹಾಗಾಗಿ ಒಂದೊಂದು ಪತ್ರದಲ್ಲೂ ಮೂರು ವಿಷಯ ಗುರುತುಮಾಡಿ. ಮೊದಲನೆಯದು ಚಕ್ಕುಬಂದಿ. ನಾಲ್ಕು ದಿಕ್ಕಿನ ನೆರೆಯವರ ಹೆಸರು ಮತ್ತು ಅಳತೆ ಇಂದಿನ ನಿವೇಶನಕ್ಕೆ ಹೊಂದಬೇಕು. ಹಳೇ ಪತ್ರಗಳು ಪೋಲ್ ಅಥವಾ ರಾಡ್‌ನಲ್ಲಿ ಅಳೆಯುತ್ತವೆ, ಒಂದು ರಾಡ್ ಎಂದರೆ ಹದಿನಾರೂವರೆ ಅಡಿ. ನಮಗೆ ಇದು ಅಪರಿಚಿತವಲ್ಲ. ನಮ್ಮ ಗುಂಟೆಯ ಲೆಕ್ಕವೂ ನಾಲ್ಕು ರಾಡ್, ಅಂದರೆ 66 ಅಡಿ ಉದ್ದದ ಇಂಗ್ಲಿಷ್ ಅಳತೆ ಸರಪಳಿಯಿಂದ ಬಂದದ್ದು. ನಾಲ್ಕು ಚದರ ರಾಡ್ ಸೇರಿದರೆ 1,089 ಚದರಡಿ, ಅಂದರೆ ಸರಿಯಾಗಿ ಒಂದು ಗುಂಟೆ. ‘ಹತ್ತು ಪೋಲ್ ನೆಲ’ ಎಂದು ಓದಿದರೆ ಎರಡೂವರೆ ಗುಂಟೆ ಎಂದು ತಿಳಿಯಿರಿ. ಎರಡನೆಯದು, ‘ಅದರ ಮೇಲಿನ ಕಟ್ಟಡಗಳ ಸಹಿತ’ ಎಂಬ ಮಾತು ಇದೆಯೋ ಇಲ್ಲವೋ. ಇದು ರೂಢಿಯ ಒಕ್ಕಣೆ, ಒಂದೇ ಪತ್ರದ ಮೇಲೆ ನಂಬಿಕೆ ಇಡಬೇಡಿ. ಆದರೆ ಬರೀ ‘ನಿವೇಶನ’ ಎಂದಿದ್ದದ್ದು ಮುಂದಿನ ಪತ್ರದಲ್ಲಿ ‘ವಾಸದ ಮನೆ’ ಆಗಿದ್ದರೆ ಕಿವಿ ನಿಮಿರಬೇಕು. ಮೂರನೆಯದು ಬೆಲೆ. ಉದಾಹರಣೆಗೆ 1817ರಲ್ಲಿ 300 ಡಾಲರಿಗೆ ಕೊಂಡ ನಿವೇಶನವನ್ನು 1821ರಲ್ಲಿ 1,200 ಡಾಲರಿಗೆ ಅಡವಿಟ್ಟಿದ್ದರೆ ನಡುವೆ ಮನೆ ಎದ್ದಿರುವ ಸಂಭವ ಹೆಚ್ಚು. ಬೆಲೆ ಹೋಲಿಸುವಾಗ ಒಂದು ಎಚ್ಚರಿಕೆ: 1790ರ ದಶಕದವರೆಗಿನ ಪತ್ರಗಳು ಪೌಂಡಿನಲ್ಲಿರುತ್ತವೆ. ಆರು ಶಿಲಿಂಗಿಗೆ ಒಂದು ಡಾಲರ್, ಅಂದರೆ ಒಂದು ಪೌಂಡಿಗೆ ಮೂರು ಚಿಲ್ಲರೆ ಡಾಲರ್ ಎಂಬುದು ಅಲ್ಲಿನ ಲೆಕ್ಕ. 1752ಕ್ಕೆ ಹಿಂದಿನ ದಿನಾಂಕಗಳಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಅದಕ್ಕೇ ‘ಫೆಬ್ರವರಿ 1712/13’ ಎಂದು ಎರಡೆರಡು ಇಸವಿ ಕಾಣುತ್ತದೆ.

ನೆಲದಿಂದ ಮನೆಗೆ ದಾಟಲು ಬೇರೆ ದಾಖಲೆಗಳು ಬೇಕು. ಸೇಲಂಗೆ ನಕ್ಷೆಗಳ ಭಾಗ್ಯವಿದೆ: 1851ರದು, ಆಮೇಲೆ 1874, 1897, 1911ರ ಅಟ್ಲಾಸುಗಳು. ಕಟ್ಟಡದ ಆಕಾರ, ಹಲವೆಡೆ ಮಾಲೀಕರ ಹೆಸರು ಇವುಗಳಲ್ಲಿ ಸಿಗುತ್ತವೆ. ಬೆಂಕಿ ವಿಮೆಯವರಿಗಾಗಿ ಮಾಡಿದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿ ಹಳದಿ ಎಂದರೆ ಮರದ ಕಟ್ಟಡ, ಗುಲಾಬಿ ಎಂದರೆ ಇಟ್ಟಿಗೆ. ಮಹಡಿಗಳ ಸಂಖ್ಯೆಯೂ ಇರುತ್ತದೆ. ಒಂದು ನಕ್ಷೆಯಲ್ಲಿ ಇಲ್ಲದ ಹಿಂಭಾಗದ ಕೋಣೆ ಮುಂದಿನದರಲ್ಲಿ ಬಂದಿದ್ದರೆ ಅದರ ವಯಸ್ಸೂ ಸಿಕ್ಕಂತೆ. 1798ರ ಕೇಂದ್ರ ನೇರ ತೆರಿಗೆಯ ಪಟ್ಟಿಗಳು ಮ್ಯಾಸಚೂಸೆಟ್ಸ್ ಮಟ್ಟಿಗೆ ಬಹಳಷ್ಟು ಉಳಿದಿವೆ. ಮನೆಯ ಉದ್ದಗಲ, ಮಹಡಿ, ಕಿಟಕಿಗಳ ಎಣಿಕೆಯವರೆಗೆ ಬರೆದಿದ್ದಾರೆ. 1780ರ ಮಾತನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯದು ಸಿಗಲಾರದು: ಆ ನೆಲದ ಆಗಿನ ಮಾಲೀಕನ ಹೆಸರಲ್ಲಿ ನಿಮ್ಮ ಮನೆಯ ಅಳತೆಗೆ ಹೊಂದುವ ಮನೆ ಇದೆಯೇ ನೋಡಿ.

ಜನಗಣತಿ, ಊರ ಡೈರೆಕ್ಟರಿಗಳು ಯಾರಿದ್ದರೆಂದು ಹೇಳುತ್ತವೆ, ಯಾವಾಗ ಕಟ್ಟಿದರೆಂದು ಅಪರೂಪಕ್ಕೆ. ಗಣತಿಯಲ್ಲಿ ಮನೆಮಂದಿಯ ಎಲ್ಲರ ಹೆಸರು ಬರುವುದು 1850ರಿಂದ, ಬೀದಿ ಮತ್ತು ಮನೆ ಸಂಖ್ಯೆ 1880ರಿಂದ. 1890ರದು ಬೆಂಕಿಯಲ್ಲಿ ಬಹುಪಾಲು ಹೋಯಿತು. ಮನೆ ಸಂಖ್ಯೆಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಬೀದಿಗಳ ಹೆಸರೂ ಸಂಖ್ಯೆಯೂ ಬದಲಾಗಿವೆ. ಎರಡು ಅಡ್ಡರಸ್ತೆಗಳ ನಡುವೆ ಎಷ್ಟನೇ ಮನೆ ಎಂದು ಎಣಿಸಿ ಗಟ್ಟಿಮಾಡಿಕೊಳ್ಳುವುದೇ ಸುರಕ್ಷಿತ.

ಹಾಗೇ ವಾರಸಿನ ಕಡತಗಳನ್ನು ಬರೀ ಇಸವಿಗಾಗಿ ತಿರುವಿ ಹಾಕಬೇಡಿ. ಸತ್ತವರ ಸೊತ್ತಿನ ಪಟ್ಟಿ ಕೋಣೆ ಕೋಣೆಯಾಗಿ ಹೋಗುತ್ತದೆ, ಎಷ್ಟು ಮಂಚ, ಎಷ್ಟು ತಾಮ್ರದ ಪಾತ್ರೆ ಎಂದು. ವಿಧವೆಯ ಮೂರನೇ ಒಂದು ಪಾಲನ್ನು ಬಿಡಿಸಿಕೊಡುವಾಗ ‘ಪೂರ್ವದ ಕೋಣೆ, ಅದರ ಮೇಲಿನ ಕೋಣೆ, ಮೆಟ್ಟಿಲು ಹತ್ತುವ ಹಕ್ಕು, ಬಾವಿಯ ನೀರು ಸೇದುವ ಹಕ್ಕು’ ಎಂದೆಲ್ಲ ಬರೆದಿರುತ್ತಾರೆ. ಆ ಕೋಣೆಗಳು ಇಂದಿನ ನಿಮ್ಮ ಕಟ್ಟಡದ ನಕಾಶೆಗೆ ಹೊಂದಿದರೆ, ಕಾಗದ ಹೇಳುತ್ತಿರುವುದು ಈ ಮನೆಯ ಬಗ್ಗೆಯೇ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಗುರುತು ಬೇಡ.

ಕೊನೆಗೆ ಮರವನ್ನೇ ಕೇಳಬೇಕು. ನೆಲಮಾಳಿಗೆ ಮತ್ತು ಅಟ್ಟ, ಈ ಎರಡೇ ಸಾಕು. ಗೋಡೆ ಒಡೆಯಬೇಡಿ: 1978ಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು, ಆರು ವರ್ಷದೊಳಗಿನ ಮಗುವಿದ್ದರೆ ರಾಜ್ಯದ ಕಾನೂನೂ ಬಿಗಿಯಾಗಿದೆ. ಅಟ್ಟದಲ್ಲಿ ಬೂದುಬಣ್ಣದ ಹರಳಿನಂಥ ವರ್ಮಿಕ್ಯುಲೈಟ್ ಸುರಿದಿದ್ದರೆ ಅದನ್ನು ಕೆದಕದೆ ಹಿಂದಿರುಗಿ, ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಉಳಿದಂತೆ ಟಾರ್ಚನ್ನು ಮರಕ್ಕೆ ಓರೆಯಾಗಿ ಹಿಡಿದು ಗರಗಸದ ಗೀರು ನೋಡಿ. ನೇರ, ಸಮಾನಾಂತರ ಗೀರುಗಳು ಮೇಲೆ ಕೆಳಗೆ ಆಡುವ ಹಳೇ ಗರಗಸದವು. ಕಮಾನಿನಂತೆ ಬಾಗಿದ ಗೀರುಗಳು ವೃತ್ತಾಕಾರದ ಗರಗಸದವು, ಸುಮಾರು 1830ರ ನಂತರದವು. ಮೊಳೆಗಳಲ್ಲಿ ಕಮ್ಮಾರ ಕೈಯಲ್ಲಿ ಬಡಿದವು 1800ರ ಸುಮಾರಿನವರೆಗೆ, ಯಂತ್ರದಲ್ಲಿ ತಗಡಿನಿಂದ ಕತ್ತರಿಸಿದ ಚೌಕದವು ಹತ್ತೊಂಬತ್ತನೇ ಶತಮಾನದ ಉದ್ದಕ್ಕೂ, ದುಂಡು ತಂತಿ ಮೊಳೆ 1890ರ ಈಚೆಗೆ.

ಇಲ್ಲಿ ತರ್ಕ ಒಂದೇ ದಿಕ್ಕಿಗೆ ಓಡುತ್ತದೆ. ಚೌಕಟ್ಟಿನ ಮೂಲ ತೊಲೆಗಳಲ್ಲೇ ಬಾಗಿದ ಗೀರು ಕಂಡರೆ ಆ ಭಾಗ 1780ರದಲ್ಲ ಎಂದು ಹೇಳಬಹುದು. ಆದರೆ ಒಂದು ತೊಲೆ ಕೊಡಲಿಯಿಂದ ಕೆತ್ತಿದ್ದು ಎಂದ ಮಾತ್ರಕ್ಕೆ ಮನೆ ಅಷ್ಟು ಹಳೆಯದಾಗುವುದಿಲ್ಲ. ಒಳ್ಳೆಯ ಓಕ್ ತೊಲೆಯನ್ನು ಯಾರೂ ಎಸೆಯುತ್ತಿರಲಿಲ್ಲ, ಕೆಡವಿದ ಮನೆಯದನ್ನು ಹೊಸ ಮನೆಗೆ ಹಾಕುತ್ತಿದ್ದರು. ನಿಮ್ಮ ನೆರೆಯವರ 1692ರ ತೊಲೆಯ ಮೇಲೆ ಏನೂ ಕೂರದ ಖಾಲಿ ಕುಳಿಗಳಿದ್ದರೆ ಅದು ಬೇರೆ ಮನೆಯಿಂದ ಬಂದದ್ದೆಂದೇ ಲೆಕ್ಕ. ಇನ್ನು ಇಡೀ ಮನೆಯೇ ಬೇರೆ ಬೀದಿಯಿಂದ ಬಂದಿರಬಹುದು. ಮರದ ಮನೆಗಳನ್ನು ಎತ್ತುಗಳಿಂದ ಎಳೆಸಿ ಸಾಗಿಸುವುದು ಆ ಕಾಲಕ್ಕೆ ದೊಡ್ಡ ಸುದ್ದಿಯಲ್ಲ. ಮೇಲಿನ ಚೌಕಟ್ಟು ತಳಪಾಯಕ್ಕಿಂತ ಬಹಳ ಹಳೆಯದೆಂದು ಕಂಡರೆ, ಚಿಮಣಿಯ ಬುಡ ನೆಲಮಾಳಿಗೆಯಲ್ಲಿ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಆ ಅನುಮಾನ ಇಟ್ಟುಕೊಳ್ಳಿ. ಆಗ ನಿಮ್ಮ ನೆಲದ ಪತ್ರಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತಿರುತ್ತವೆ.

ಉಂಗುರ ಎಣಿಸುವ ಪರೀಕ್ಷೆ ಮಾಡಿಸಬಹುದು, ಆದರೆ ತೊಗಟೆಯ ಅಂಚು ಉಳಿದಿರುವ ಹಲವು ತೊಲೆಗಳಿಂದ ಮಾದರಿ ತೆಗೆಯಬೇಕು, ಖರ್ಚೂ ಇದೆ. ಫಲಕಕ್ಕಾಗಿ ಮಾತ್ರ ಎಂದಾದರೆ ನನ್ನ ಮಟ್ಟಿಗೆ ಬೇಡ. ಕಾಗದ ಹದಿನೇಳನೇ ಶತಮಾನದ ಕಡೆ ಬೆರಳು ತೋರಿಸಿದರೆ ಮಾತ್ರ ಯೋಚಿಸಿ.

ಕಪ್ತಾನನ ವಿಷಯ. ಸೇಲಂನ ನಗರ ಮುದ್ರೆಯ ಲ್ಯಾಟಿನ್ ಘೋಷವಾಕ್ಯವೇ ಸಿರಿವಂತ ‘ಇಂಡಿಯಾ’ದ ಕಟ್ಟಕಡೆಯ ರೇವಿನವರೆಗೆ ಎನ್ನುತ್ತದೆ. ಅದು ನಮ್ಮ ದೇಶವೊಂದನ್ನೇ ಕುರಿತದ್ದಲ್ಲ, ಸುಮಾತ್ರಾದ ಮೆಣಸಿನವರೆಗಿನ ಇಡೀ ಪೂರ್ವ. ಹಾಗಾಗಿ ಕಪ್ತಾನರು ಊರಲ್ಲಿ ನಿಜಕ್ಕೂ ಬಹಳ ಇದ್ದರು, ಮಾರುವವರ ಬಾಯಲ್ಲಿ ಮಾತ್ರ ಅದಕ್ಕಿಂತ ಹೆಚ್ಚು. ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾವಿಕ, ಪೀಪಾಯಿ ಮಾಡುವವ, ಮೋಚಿ, ಚರ್ಮ ಹದಮಾಡುವವ, ಮನೆ ಕಟ್ಟುವ ಬಡಗಿ. ಫಲಕದ ಮೇಲೆ ಮನೆ ಕಟ್ಟಿಸಿದಾಗಿನ ಕಸುಬನ್ನೇ ಬರೆಸಿ, ಹತ್ತು ವರ್ಷದ ಮೇಲೆ ಬಂದ ಬಿರುದನ್ನಲ್ಲ. ಬಡಗಿಯೇ ನಿವೇಶನ ಕೊಂಡು, ಮನೆ ಕಟ್ಟಿ, ವರ್ಷದೊಳಗೆ ಮಾರಿದ್ದರೆ ಮೊದಲ ಒಡೆಯ ಯಾರು ಎಂಬುದನ್ನು ಸಂಸ್ಥೆಯವರೊಡನೆ ಕೂತು ತೀರ್ಮಾನಿಸಿ. ಸೇಲಂನ ಹೆಸರಾಂತ ಮರಗೆತ್ತನೆಗಾರ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಮ್ಯಾಕಿಂಟೈರ್ ಕೆತ್ತಿದ್ದು ಎಂದು ಯಾರಾದರೂ ಅಂದರೆ ಅವರು ತೀರಿಕೊಂಡದ್ದು 1811ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡು ಕೇಳಿಸಿಕೊಳ್ಳಿ.

1780 ಸುಳ್ಳಾದರೆ ನಷ್ಟವೇನೂ ಇಲ್ಲ, 1821ರ ಮೋಚಿಯೊಬ್ಬನ ಮನೆಗೂ ಫಲಕ ಸಿಗುತ್ತದೆ. ಇಸವಿ ಖಚಿತವಾಗದಿದ್ದರೆ ನಿಮ್ಮ ಮುಂದೆ ಎರಡು ದಾರಿ. ‘ಸುಮಾರು’ ಎಂದು ಬರೆಸುವುದು ಒಂದು. ಆಗ ಆಚೀಚಿನ ಎರಡು ಪತ್ರಗಳ ಇಸವಿಯನ್ನು ವರದಿಯಲ್ಲಿ ನಮೂದಿಸಿ. ಇನ್ನೊಂದು ಕಾಯುವುದು. ನಾನಾದರೆ ಅಂತರ ಐದಾರು ವರ್ಷದೊಳಗಿದ್ದರೆ ‘ಸುಮಾರು’ ಒಪ್ಪುತ್ತೇನೆ, ಮೂವತ್ತು ವರ್ಷವಿದ್ದರೆ ಒಪ್ಪುವುದಿಲ್ಲ. ಫಲಕ ಏರಿದ ಮೇಲೆ ಮುಂದಿನವರು ಅದನ್ನೇ ಪುರಾವೆಯೆಂದು ತೋರಿಸುತ್ತಾರೆ. ನಿಮ್ಮ ಏಜೆಂಟರ 1780 ಹುಟ್ಟಿದ್ದೂ ಹೀಗೇ ಎಲ್ಲೋ ಇರಬೇಕು. ಹಣ ಕೊಟ್ಟು ಸಂಶೋಧಕರನ್ನು ಹಿಡಿಯುವುದಾದರೆ ಬರೀ ಇಸವಿಯಲ್ಲ, ಪ್ರತಿ ಪತ್ರದ ಪುಸ್ತಕ, ಪುಟ ಸಹಿತ ವರದಿ ಬೇಕೆಂದು ಮೊದಲೇ ಒಪ್ಪಿಸಿಕೊಳ್ಳಿ.

ಒಂದು ಕಾಂಡೊ ವಿಚಾರ ಉಳಿಯಿತು. ಹೊರಗೋಡೆ ನಿಮ್ಮದಲ್ಲ, ಸಾಮಾನ್ಯವಾಗಿ ಮೂರೂ ಮನೆಗಳ ಜಂಟಿ ಸೊತ್ತು. ಫಲಕಕ್ಕೆ ಅರ್ಜಿ ಹಾಕುವ ಮುನ್ನ ಉಳಿದಿಬ್ಬರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ; ಮೇಲಿನ ಮನೆಯವರಿಗೆ ಈ ಉತ್ತರದ ಮೊದಲ ಭಾಗ ತೋರಿಸಿದರೆ ಸಾಕಾಗಬಹುದು. ಕಟ್ಟಡ ಸ್ಥಳೀಯ ವಲಯದೊಳಗಿದ್ದರೆ ಫಲಕ ಹಾಕುವ ಬಗ್ಗೆಯೂ ಕಮಿಷನ್ನನ್ನು ಒಂದು ಮಾತು ಕೇಳಿ. ಹಾಕುವಾಗ ಹಳೇ ಹೊರಹಲಗೆಗೆ ನೇರವಾಗಿ ತಿರುಪು ಬಿಗಿಯಬೇಡಿ, ಸೀಳುತ್ತದೆ. ಮೊದಲು ಸಣ್ಣ ತೂತು ಕೊರೆದು, ಅದರೊಳಗೆ ಪ್ರೈಮರ್ ಹಚ್ಚಿ, ತುಕ್ಕು ಹಿಡಿಯದ ಸ್ಟೀಲ್ ತಿರುಪು ಬಳಸಿ. ಹಲಗೆಗೂ ಫಲಕಕ್ಕೂ ನಡುವೆ ತೆಳು ವಾಷರ್ ಇಟ್ಟು ಗಾಳಿಯಾಡಲು ಸಂದು ಬಿಡಿ, ಇಲ್ಲವಾದರೆ ಹಿಂದೆ ನೀರು ನಿಂತು ಮರ ಕೊಳೆಯುತ್ತದೆ. ಗೋಡೆ ಇಟ್ಟಿಗೆಯದಾದರೆ ತೂತು ಗಾರೆಯ ಸಂದಿನಲ್ಲಿರಲಿ, ಇಟ್ಟಿಗೆಯಲ್ಲಿ ಬೇಡ. ಕೊರೆದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಎಸೆದುಬಿಡಿ, ಅದರಲ್ಲೂ ಸೀಸವಿರಬಹುದು.